ಸುಣ್ಣದ ಗೆರೆಯ ಮನೆ

ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ, ಕೆಲವರು ಬೆಟ್ಟ ಹತ್ತುತ್ತಾರೆ. ನನ್ನ ಹವ್ಯಾಸ, ಇನ್ನೂ ಕಟ್ಟದ ಮನೆಯಲ್ಲಿ ವಾಸ ಮಾಡುವುದು. ಈ ವಿದ್ಯೆಯಲ್ಲಿ ನನ್ನಷ್ಟು ಪಳಗಿದವರು ಚಳ್ಳಕೆರೆಯಲ್ಲಿ ಇನ್ನೊಬ್ಬರಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಊರಾಚೆ ನಾಯಕನಹಟ್ಟಿ ರಸ್ತೆಯಲ್ಲಿ ನಮ್ಮದೊಂದು ಸೈಟಿದೆ. ಹಿಂದೆ ಶೇಂಗಾ ಬೆಳೆಯುತ್ತಿದ್ದ ಹೊಲ. ಪಕ್ಕದಲ್ಲಿ ಜಾಲಿ ಮರ, ದೂರದಲ್ಲಿ ಗುಡ್ಡ. ಎಣ್ಣೆ ಮಿಲ್ಲಿನಲ್ಲಿ ವಾರವೆಲ್ಲ ಹಿಂಡಿ ಚೀಲ ತೂಗಿಸುವ ನಾನು, ಭಾನುವಾರ ಬಂತೆಂದರೆ ಸುಣ್ಣದ ಪುಡಿ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ನೆಲದ ಮೇಲೆ ಗೆರೆ ಎಳೆದು ನಡುಮನೆ, ಅಡುಗೆಮನೆ, ದೇವರ ಮನೆ ಎಲ್ಲ ಮಾಡಿಕೊಳ್ಳುತ್ತಿದ್ದೆ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಿದ್ದ ಕಡೆಯಿಂದಲೇ ಒಳಗೆ ಹೋಗಿ, ಮಲಗುವ ಕೋಣೆಯಲ್ಲಿ ಟವೆಲ್ ಹಾಸಿ ಮೋಡ ನೋಡುತ್ತಿದ್ದೆ. ಗಾಳಿ ಬಂದ ಕಡೆ ಕಿಟಕಿ ಇಟ್ಟುಕೊಳ್ಳುತ್ತಿದ್ದೆ. ಒಮ್ಮೆ ಯಾರೋ ಸೈಕಲ್ಲಿನವನು ಅಡುಗೆಮನೆಯ ಗೋಡೆಯ ಮೂಲಕವೇ ಹಾದುಹೋದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ!

ಹೆಂಡತಿ ರತ್ನಾಗೆ ಮಾತ್ರ ಈ ಮನೆ ಕಾಣುತ್ತಿರಲಿಲ್ಲ. ಅವಳು ಮೊಳಕಾಲ್ಮೂರಿನವಳು, ರೇಷ್ಮೆ ಸೀರೆ ನೇಯುವವರ ಮಗಳು. ನಡುಮನೆಯನ್ನೆಲ್ಲ ಮಗ್ಗಕ್ಕೆ ಬಿಟ್ಟು, ಮಿಕ್ಕ ಜಾಗದಲ್ಲಿ ಉಂಡು ಮಲಗಿ ಬೆಳೆದವಳು. ಮನೆ ಎಂದರೆ ಗೋಡೆಗಳಿರಬೇಕು ಎಂಬುದೊಂದು ಹಟ ಅವಳಿಗೆ. ಸೈಟು ಮಾರಿ ತವರಿನ ಹತ್ತಿರ ಕಟ್ಟಿದ ಮನೆಯನ್ನೇ ಕೊಳ್ಳೋಣ ಎನ್ನುತ್ತಿದ್ದಳು. ನಾನು ಬಹಳ ಗೋಗರೆದ ಮೇಲೆ ಒಂದು ಅವಕಾಶ ಕೊಟ್ಟಳು. ಭಾನುವಾರ ತವರಿನಿಂದ ಬರುವಾಗ ಸೀದಾ ಸೈಟಿಗೇ ಬಂದು ನೋಡುತ್ತಾಳೆ. ಮನಸ್ಸಿಗೆ ಬಂದರೆ ಕಟ್ಟುವುದು, ಬಾರದಿದ್ದರೆ ಮಾರುವುದು. ಎರಡು ಮಾತಿಲ್ಲ.

ಅವತ್ತು ಮಧ್ಯಾಹ್ನವೇ ಹೋಗಿ ಗೆರೆಗಳನ್ನೆಲ್ಲ ಹೊಸದಾಗಿ ಎಳೆದೆ. ಹೊಸ್ತಿಲಿಗೆ ರಂಗೋಲಿಯನ್ನೂ ಹಾಕಿದೆ. ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಲಗುವ ಕೋಣೆಯಲ್ಲಿ ಅಡ್ಡಾದೆ. ಜಾಲಿಯ ನೆರಳು ಮೆಲ್ಲಗೆ ಸರಿದು ಹೊಟ್ಟೆಯ ಮೇಲೆ ಬಂತು, ಕಣ್ಣು ತಾನಾಗಿ ಮುಚ್ಚಿತು.

ಕನಸಿನಲ್ಲಿ ಗೃಹಪ್ರವೇಶ! ಬಾಗಿಲಿಗೆ ಮಾವಿನೆಲೆಯ ತೋರಣ. ರತ್ನಾ ಹೊಸ ಸೀರೆಯುಟ್ಟು ಓಡಾಡುತ್ತಿದ್ದಾಳೆ. ನೆಂಟರೆಲ್ಲ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳುತ್ತಿದ್ದಾರೆ. ನನಗೆ ಎದೆ ತುಂಬಿ ಬಂತು.

“ಬರ್ರಿ, ಎಲ್ರೂ ಒಳಗೆ ಬರ್ರಿ,” ಎಂದೆ. “ಎಷ್ಟು ದಿನ ಬೇಕಾದ್ರೂ ಇರ್ರಿ.”

ನೆಂಟರು ಬಂದರು. ಒಬ್ಬರು ನನ್ನ ಕಿವಿಯ ಬಳಿ ಕೆಮ್ಮಿದರು. ಮತ್ತೊಬ್ಬರು ಟವೆಲ್ಲಿನ ಅಂಚು ತಿನ್ನತೊಡಗಿದರು. ಕಣ್ಣು ಬಿಟ್ಟೆ.

ಕುರಿಗಳು!

ನಡುಮನೆ ತುಂಬ ಕುರಿ. ಅಡುಗೆಮನೆ ತುಂಬ ಕುರಿ. ದೇವರ ಮನೆಯಲ್ಲಿ ಒಂದು ದೊಡ್ಡ ಟಗರು ಕಾಲು ಮಡಚಿ ಕೂತಿತ್ತು. ಕುರಿ ಕಾಯುವ ಪಾಲಯ್ಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನೆಮ್ಮದಿಯಿಂದ ಬೀಡಿ ಹಚ್ಚುತ್ತಿದ್ದ. ನಮ್ಮ ಕಡೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಹೊಲದ ಯಜಮಾನ ಗೆರೆ ಎಳೆದು ತೋರಿಸುತ್ತಾನೆ, ಕುರಿಯವನಿಗೆ ಕಾಳು ಕೊಡುತ್ತಾನೆ. ಪಾಲಯ್ಯ ಗೆರೆ ನೋಡಿದ್ದಾನೆ. ಪಕ್ಕದಲ್ಲಿ ಮಲಗಿದ್ದ ಯಜಮಾನನನ್ನೂ ನೋಡಿದ್ದಾನೆ. ಮಂದೆ ಬಿಡಲಾ ಎಂದು ಕೇಳಿದ್ದಾನೆ. ಯಜಮಾನ ಕಣ್ಣು ಮುಚ್ಚಿಕೊಂಡೇ ಅಪ್ಪಣೆ ಕೊಟ್ಟಿದ್ದಾನೆ!

“ಕುರಿಗೂ ಬರ್ರಿ ಅಂತ ಮರ್ಯಾದೆಯಾಗಿ ಕರದೋರು ನೀವೊಬ್ರೇ ನೋಡ್ರಿ,” ಎಂದ ಪಾಲಯ್ಯ.

ಇದು ಹೊಲವಲ್ಲ, ಮನೆ ಎಂದು ನಾನು ವಿವರಿಸಿದೆ. ಅವನು ಸುತ್ತಲೂ ಕಣ್ಣಾಡಿಸಿ ಮನೆಯನ್ನು ಹುಡುಕಿದ. ಕೊನೆಗೆ ನನ್ನನ್ನು ಕನಿಕರದಿಂದ ನೋಡಿ, ಬಿಸಿಲು ಜೋರಾಗಿದೆ, ಇನ್ನೂ ಸ್ವಲ್ಪ ಮಲಗಿ ಎಂದ.

ನಾನೇ ಟವೆಲ್ ಬೀಸುತ್ತ ಕುರಿಗಳನ್ನು ಅಟ್ಟಲು ಹೊರಟೆ. ಅಭ್ಯಾಸ ನೋಡಿ, ಆ ಗಡಿಬಿಡಿಯಲ್ಲೂ ಬಾಗಿಲಿನಿಂದಲೇ ಅಟ್ಟಬೇಕೆಂದು ಹಟ ಹಿಡಿದೆ! ಕುರಿಗಳಿಗೆ ಬಾಗಿಲು ಕಾಣಬೇಕಲ್ಲ. ಇತ್ತಿಂದತ್ತ ನುಗ್ಗಿ ಗೋಡೆಗಳನ್ನೆಲ್ಲ ತುಳಿದವು. ನಡುಮನೆ, ಅಡುಗೆಮನೆ ಒಂದಾದವು. ಹೊಸ್ತಿಲು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸುಣ್ಣವೆಲ್ಲ ನನ್ನ ಮೈಮೇಲಿತ್ತು. ಆಗ ರಸ್ತೆಯಲ್ಲಿ ಆಟೋ ನಿಂತಿತು.

ರತ್ನಾ ಇಳಿದು ನೋಡಿದಳು. “ಮನೆ ಎಲ್ಲೈತ್ರಿ?” ಎಂದಳು.

“ಇತ್ತು ಕಣೇ. ಈಗ ತಾನೇ ಇತ್ತು.”

ಅಷ್ಟು ಹೇಳುವಾಗ ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಎಷ್ಟೋ ಭಾನುವಾರ ಬದುಕಿದ ಮನೆ ಕಣ್ಣೆದುರೇ ಮಣ್ಣುಪಾಲಾಗಿತ್ತು. ಅವಳು ನಗಲಿಲ್ಲ. ಬೈಯಲೂ ಇಲ್ಲ. ಬ್ಯಾಗು ನನ್ನ ಕೈಗೆ ಕೊಟ್ಟು, ಪಾಲಯ್ಯನ ಹತ್ತಿರ ಏನೇನೋ ವಿಚಾರಿಸಿಕೊಂಡು ಬಂದಳು. ಬಗ್ಗಿ ನೆಲ ನೋಡಿದಳು.

“ಇಂಥ ಜಾಗ ಮಾರೋದು ಬ್ಯಾಡ ಬಿಡ್ರಿ,” ಎಂದಳು.

ನನ್ನ ಗೋಡೆಗಳು ಗಕ್ಕನೆ ಎದ್ದು ನಿಂತವು. ಕಿಟಕಿಗೆ ಪರದೆ ಬಂತು. ತಾರಸಿಯ ಮೇಲೆ ತೂಗುಕುರ್ಚಿಯೊಂದು ತೂಗತೊಡಗಿತು.

“ಬದನೆ ಹಾಕಾಣ,” ಎಂದಳು.

ನಾನು ಕೊಟ್ಟ ಮಾತಿನಂತೆ ಮಂದೆ ಕೆಲವು ದಿನ ಅಲ್ಲೇ ಉಳಿಯಿತು. ನಮ್ಮ ರಾಗಿ ಪಾಲಯ್ಯನ ಚೀಲ ಸೇರಿತು. ಈಗ ಭಾನುವಾರ ಬಂತೆಂದರೆ ಬಾಡಿಗೆ ಮನೆಯಿಂದ ಇಬ್ಬರೂ ಸೈಟಿಗೆ ಹೋಗುತ್ತೇವೆ. ರತ್ನಾ ಜಾಲಿಯ ನೆರಳಲ್ಲಿ ಕೂತು ಹೇಳುತ್ತಾಳೆ, ನಾನು ಮಲಗುವ ಕೋಣೆಯಲ್ಲಿ ಕಳೆ ಕೀಳುತ್ತೇನೆ.

ಮೊನ್ನೆ ಮಿಲ್ಲಿನಲ್ಲಿ ಒಬ್ಬರು, ನಿಮ್ಮ ಮನೆ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರು.

ಹೂ ಬಿಟ್ಟಿದೆ ಎಂದೆ.