ಕನಕಾಂಬರ ಗುಂಪಿನಲ್ಲಿ ಕೊನೆಗೆ ಉಳಿದವಳು

ನಮ್ಮ ಶಾಲೆಯಲ್ಲಿ ನಾನು ಒಲೆ ಹಚ್ಚುವ ಮೊದಲೇ ಯಾವುದಾದರೊಂದು ನಗೆ ಹೊತ್ತಿಕೊಂಡಿರುತ್ತದೆ. ಅದು ಕೊರಟಗೆರೆ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆ. ಮಕ್ಕಳಿಗೆ ಬಿಸಿಯೂಟ ಬೇಯಿಸುವುದು ನನ್ನ ಕೆಲಸ. ಎರಡನೇ ತರಗತಿಯಲ್ಲೇ ಶಾಲೆ ಬಿಟ್ಟವಳಾದ್ದರಿಂದ, ಒಂದು ಕಥೆಯನ್ನಾದರೂ ಮೊದಲಿನಿಂದ ಕೊನೆಯವರೆಗೆ ಸ್ವತಃ ಓದಬೇಕೆಂಬ ಆಸೆ ನನಗಿತ್ತು. ಈ ವಯಸ್ಸಿನಲ್ಲಿ ಅದನ್ನು ಯಾರ ಮುಂದೆ ಹೇಳುವುದೆಂದು ಬಾಯಿ ಮುಚ್ಚಿಕೊಂಡಿದ್ದೆ. ಆದರೂ ಗುಟ್ಟು ಉಳಿಯಲಿಲ್ಲ.

೧. ಬೆಳೆಯುವವರಿಗೆ ಗೊತ್ತು

ಕಳೆದ ವರ್ಷ ಮೇಷ್ಟ್ರು ಮಕ್ಕಳನ್ನು ಓದುವ ಮಟ್ಟಕ್ಕೆ ತಕ್ಕಂತೆ ಮೂರು ಗುಂಪು ಮಾಡಿದರು. ಕಥೆ ಓದಬಲ್ಲವರು ಮಲ್ಲಿಗೆ, ಪದ ಓದಬಲ್ಲವರು ಸೇವಂತಿಗೆ, ಇನ್ನೂ ಅಕ್ಷರದಲ್ಲೇ ಇರುವವರು ಕನಕಾಂಬರ. ಹಿಂದುಳಿದವರೆಂದು ಯಾರಿಗೂ ನೋವಾಗಬಾರದೆಂದೇ ಹೂವಿನ ಹೆಸರಿಟ್ಟಿದ್ದರು. ಪಾಪ, ನಮ್ಮೂರಿನ ಅರ್ಧ ಮನೆಗಳವರು ಹೂ ಬೆಳೆಯುವವರೆಂಬುದನ್ನು ಅವರು ಮರೆತಿದ್ದರು.

ಮರುದಿನವೇ ಒಬ್ಬರು ಅಜ್ಜಿ ಗೇಟಿನ ಬಳಿ ಬಂದರು. ಅವರ ಮೊಮ್ಮಗ ಕನಕಾಂಬರ. ಜಗಳಕ್ಕೇ ಬಂದಿದ್ದಾರೆಂದು ಮೇಷ್ಟ್ರು ಎದ್ದು ನಿಂತರು. ಅಜ್ಜಿ ಕೈಮುಗಿದರು.

"ನಮ್ಮುಡ್ಗುನ್ನ ಕನಕಾಂಬರಕ್ಕೆ ಹಾಕಿದ್ದೀರಂತೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸ್ವಾಮಿ! ಮಾರ್ಕೆಟ್ಟಲ್ಲಿ ಅದ್ರ ರೇಟಿನ ಮುಂದೆ ಯಾವ ಹೂ ನಿಂತದೆ?"

ಸಂಜೆಗೆ ಮಲ್ಲಿಗೆ ಗುಂಪಿನ ಹುಡುಗಿಯೊಬ್ಬಳ ತಂದೆ ಬೈಕಿನಲ್ಲಿ ಬಂದಿಳಿದರು. "ಏನ್ ಸಾರ್, ನಮ್ ಮಗ್ಳು ಅಷ್ಟೊಂದು ಓದ್ತಾಳೆ, ಅವಳನ್ನ ಬರೀ ಮಲ್ಲಿಗೇಲಿ ಕೂರ್ಸಿದ್ದೀರಲ್ಲ! ಹೆಂಗಾದ್ರೂ ಮಾಡಿ ಕನಕಾಂಬರಕ್ಕೆ ಹಾಕ್ಬುಡಿ."

ಮಲ್ಲಿಗೆಯೇ ಮೇಲಿನ ಗುಂಪೆಂದು ಮೇಷ್ಟ್ರು ಎಷ್ಟು ಬಿಡಿಸಿ ಹೇಳಿದರೂ ಅವರು ಒಪ್ಪಲಿಲ್ಲ. "ಬೆಳೆಯೋರು ನಾವು ಸಾರ್. ನಮಗೇ ಹೇಳ್ಕೊಡ್ತೀರಾ?" ಎಂದು ಬೈಕ್ ತಿರುಗಿಸಿದರು.

೨. ಮೊಟ್ಟೆ ಇಲ್ಲದ ದಿನ

ಕನಕಾಂಬರದವರು ಕೂರುತ್ತಿದ್ದುದು ಅಡುಗೆಕೋಣೆಯ ಪಕ್ಕದ ಹೊಂಗೆಮರದ ಕೆಳಗೆ. ಮೇಷ್ಟ್ರು ಅವರಿಗೆ ಹೇಳಿಕೊಟ್ಟದ್ದೆಲ್ಲ ನನ್ನ ಕಿಟಕಿಗೂ ಬರುತ್ತಿತ್ತು; ಸೊಪ್ಪು ಸೋಸುತ್ತಲೇ ನಾನೂ ಕದ್ದು ಕಲಿಯುತ್ತಿದ್ದೆ. ಅದಕ್ಕೆ ಪ್ರತಿಯಾಗಿಯೋ ಏನೋ, ಸುಲಿಯುವಾಗ ಒಡೆದ ಮೊಟ್ಟೆಯ ಚೂರು ಆ ಮಕ್ಕಳ ಕೈ ಸೇರುತ್ತಿತ್ತು.

ಈ ಸುದ್ದಿ ಕೊಠಡಿಯೊಳಗಿನ ಮಲ್ಲಿಗೆಗಳಿಗೆ ಮುಟ್ಟಿತು. ಮುಂದಿನ ಪರೀಕ್ಷೆಯಲ್ಲಿ, ಕಥೆಪುಸ್ತಕವನ್ನೇ ನುಂಗುವಂಥ ಮಕ್ಕಳು ಕೂಡ 'ಅ' ತೋರಿಸಿದರೆ ಆಕಾಶ ನೋಡಿದರು. ಹೊಂಗೆಮರದ ನೆರಳು ಸಾಲದಾಯಿತು.

ಮೇಷ್ಟ್ರು ಬೈಯಲಿಲ್ಲ. ಒಂದು ಬೆಳಿಗ್ಗೆ ಮರಕ್ಕೆ ಒರಗಿಸಿದ್ದ ಕಪ್ಪುಹಲಗೆಯ ಮೇಲೆ ತುಟಿ ಬಿಚ್ಚದೆ ಬರೆದರು: "ಇವತ್ತು ಮೊಟ್ಟೆ ಇಲ್ಲ."

"ಅಯ್ಯೋ!" ಎಂದು ಒಂಬತ್ತು ಮಕ್ಕಳು ಒಟ್ಟಿಗೆ ಕೂಗಿದರು.

"ಏಳ್ರಪ್ಪ, ನೀವೆಲ್ಲ ಒಳಗೆ ನಡೀರಿ" ಎಂದು ಮೇಷ್ಟ್ರು ಒಂಬತ್ತನ್ನೂ ಹೆಕ್ಕಿ ತೆಗೆದರು. ಅಷ್ಟರಲ್ಲಿ ಕಿಟಕಿಯಿಂದ ಹತ್ತನೆಯ ದನಿ ಬಂತು:

"ಯಾಕಿಲ್ಲ ಸಾರ್? ಬೇಯಕ್ಕಿಟ್ಟಿವ್ನಲ್ಲ!"

ಆ ದನಿ ನನ್ನದೇ ಎಂಬುದು ನನಗೆ ತಿಳಿದದ್ದು, ಮೇಷ್ಟ್ರು ಬಳಪ ಹಿಡಿದುಕೊಂಡೇ ನನ್ನ ಕಡೆ ತಿರುಗಿದಾಗ.

೩. ಖಾಲಿಯಾಗದ ಗುಂಪು

ಅಂದಿನಿಂದ ನಾನು ಬಹಿರಂಗವಾಗಿಯೇ ಕನಕಾಂಬರ. ಮಲ್ಲಿಗೆ ಗುಂಪಿನ ಎಂಟು ವರ್ಷದ ಹುಡುಗಿಯೊಬ್ಬಳು ಊಟದ ನಂತರ ನನ್ನನ್ನು ಓದಿಸುತ್ತಿದ್ದಳು. "ಆಂಟಿ, ಒತ್ತಕ್ಷರದಾಗೆ ಎಡವ್ತಾ ಇದ್ದೀರ. ಇಂಗಾದ್ರೆ ಮಲ್ಲಿಗೆಗೆ ಬರಲ್ಲ ನೀವು" ಎಂದು ಗದರುತ್ತಿದ್ದಳು.

ವರ್ಷದ ಕೊನೆಗೆ ಮಧುಗಿರಿ ಕಡೆಯಿಂದ ಅಧಿಕಾರಿಯೊಬ್ಬರು ಬಂದರು. ಮೇಷ್ಟ್ರು ಎದೆಯುಬ್ಬಿಸಿ ಹೇಳಿದರು: "ಕನಕಾಂಬರ ಗುಂಪು ಖಾಲಿಯಾಗಿದೆ ಸಾರ್. ಎಲ್ಲರೂ ಮೇಲೆ ಹೋಗಿದ್ದಾರೆ."

"ಇಲ್ಲ ಸಾರ್, ಒಬ್ರು ಅವ್ರೆ!" ಆ ಹುಡುಗಿ ಎದ್ದು ನಿಂತು ಅಡುಗೆಕೋಣೆಯತ್ತ ಬೆರಳು ತೋರಿದಳು.

ನಾನು ಥಟ್ಟನೆ ಪಾತ್ರೆಯ ಹಿಂದೆ ಬಗ್ಗಿದೆ. ಸೌಟು ಹಿಡಿದ ಕೈ ಮಾತ್ರ ಮೇಲೆಯೇ ಉಳಿದಿತ್ತು. ಅಧಿಕಾರಿಗಳು ನಗುತ್ತ ಬಂದು ಕಥೆಪುಸ್ತಕ ಕೊಟ್ಟರು. "ಓದಮ್ಮ, ನಿಮ್ಮ ಮೇಷ್ಟ್ರ ಮಾತು ಉಳಿಸು."

ಕಲ್ಲಂಗಡಿ ತೋಟಕ್ಕೆ ನುಗ್ಗಿದ ನರಿಯೊಂದರ ಕಥೆ ಅದು. ಮೊದಲ ಪುಟ ಹೇಗೋ ದಾಟಿತು. ಎರಡನೆಯದರಲ್ಲಿ 'ನಿರ್ಲಕ್ಷ್ಯ' ಎಂಬಲ್ಲಿ ನಿಂತುಬಿಟ್ಟೆ. ಹುಡುಗಿ ತುಟಿಯಾಡಿಸಿ ಸಹಾಯಕ್ಕೆ ಬಂದಳು.

"ಹೇಳ್ಕೊಡಬ್ಯಾಡ ಕಣೇ!" ಎಂದು ಅಧಿಕಾರಿಗಳ ಎದುರೇ ಗದರಿ, ಆ ಪದವನ್ನು ನಾನೇ ದಾಟಿದೆ. ನರಿ ಬೇಲಿ ಹಾರುವ ಹೊತ್ತಿಗೆ ಸಾಂಬಾರು ತಳ ಹಿಡಿದಿತ್ತು. ಆದರೆ ಕಥೆ ಮುಗಿದಿತ್ತು. ಮಕ್ಕಳ ಚಪ್ಪಾಳೆಗೆ ಹೊಂಗೆಮರದ ಕಾಗೆಗಳೆಲ್ಲ ಎದ್ದವು. ಆ ಸೀದ ಸಾಂಬಾರನ್ನು ಅಧಿಕಾರಿಗಳು ಎರಡು ಸಲ ಬಡಿಸಿಕೊಂಡರು.

ನಾನು ಮನೆಗೆ ಹೋಗುವಾಗ, ಅಂದು ಗೇಟಿನ ಬಳಿ ಮೇಷ್ಟ್ರಿಗೆ ಕೈಮುಗಿದಿದ್ದ ಅಜ್ಜಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಓದಿನಾಸೆಯ ಬಗ್ಗೆ ತಾನಾಗಿ ಎಂದೂ ಬಾಯಿ ಬಿಡದ ನನಗೆ ಅಂದು ಸಂತೋಷ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂದಿತ್ತು.

"ಅಜ್ಜೀ, ನಾನು ಕಥೆ ಓದ್ಬುಟ್ಟೆ! ಕನಕಾಂಬರದಿಂದ ಮಲ್ಲಿಗೆಗೆ ಹಾಕವ್ರೆ!"

ಅಜ್ಜಿ ದಾರ ಕೆಳಗಿಟ್ಟು ನನ್ನ ತಲೆ ನೇವರಿಸಿದರು.

"ಅಳ್ಬ್ಯಾಡ ಕಣಮ್ಮ. ನಮ್ಮುಡ್ಗುನ್ಗೂ ಇಂಗೇ ಮಾಡುದ್ರು. ಇನ್ನೊಂದ್ ವರ್ಸ ಚೆನ್ನಾಗಿ ಓದು, ಮತ್ತೆ ಕನಕಾಂಬರಕ್ಕೇ ಹಾಕ್ತಾರೆ."