ಮೈಲಾರಪ್ಪ ಮಾಸ್ತರರ ಮೂರು ಮಾತು

ರಾಯಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುವ ಮೈಲಾರಪ್ಪ ಮಾಸ್ತರರಿಗೆ ಆಪತ್ತು ಬಂದದ್ದು ಒಂದು ಕಲ್ಲಿನಿಂದ. ತೊಂಬತ್ತೆಂಟರ ಆಗಸ್ಟಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷ, ಹತ್ತಿ ವ್ಯಾಪಾರಿ ಸಿದ್ದಲಿಂಗಪ್ಪ ಸಾವಕಾರರು ತಮ್ಮ ತಂದೆಯ ಹೆಸರು ಕೆತ್ತಿಸಿದ ಕಲ್ಲೊಂದನ್ನು ತಂದು ಬಾಸ್ಕೆಟ್‌ಬಾಲ್ ಅಂಗಳದ ಬದಿಗೆ ಒರಗಿಸಿದರು. ಕಲ್ಲು ತಯಾರಿತ್ತು, ಅದನ್ನು ಕೂಡಿಸಲು ಕಟ್ಟಡ ಮಾತ್ರ ಇರಲಿಲ್ಲ. ಖಾಲಿ ಜಾಗವೆಂದರೆ ಆ ಅಂಗಳವೊಂದೇ. ಕಲ್ಲು ಬಂದ ದಿನವೇ ಅಲ್ಲಿ ತಾಲೂಕಿನ ಶಾಲೆಗಳ ಬಾಸ್ಕೆಟ್‌ಬಾಲ್ ಫೈನಲ್ ಇತ್ತು.

“ಇಲ್ಲಿ ಕ್ಲಾಸ್‌ರೂಮ್ ಕಟ್ಟಬ್ಯಾಡ್ರಿ ಸಾವಕಾರ್ರ,” ಎಂದು ಮಾಸ್ತರರು ಕೈಮುಗಿದರು. ಆ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುತ್ತಲೇ ಅವರ ಹನ್ನೊಂದು ವರ್ಷ ಕಳೆದಿದ್ದವು.

“ಹನ್ನೊಂದ ವರ್ಷದಾಗ ಒಂದರ ಕಪ್ ತಂದೀರೇನ್ರಿ? ಇವತ್ತ ಫೈನಲ್ ಗೆದ್ದ ತೋರಸ್ರಿ, ಕ್ಲಾಸ್‌ರೂಮ್ ಕಟ್ಟಂಗಿಲ್ಲ. ನನ್ನ ಮಾತಂದ್ರ ಮಾತ!”

ತಗೊಳ್ಳಿ, ಇಡೀ ಸ್ಟಾಫ್‌ರೂಮೇ ಕೋಚ್ ಆಗಿಬಿಟ್ಟಿತು. ಗಣಿತದ ರಮಾಕಾಂತ ಮಾಸ್ತರರು ನೆಲದ ಮೇಲೆ ಕೋನ ಬರೆದು ತೋರಿಸಿದರು. ಹೊಲಿಗೆಯ ಗೌರಕ್ಕ ಶಕ್ತಿ ಬರಲೆಂದು ಒಬ್ಬೊಬ್ಬರಿಗೆ ಮೂರು ಮೂರು ಉಂಡಿ ತಿನ್ನಿಸಿದರು. ಹುಡುಗಿಯರು ಹತ್ತಿ ಮೂಟೆ ಉರುಳಿದಂತೆ ಓಡತೊಡಗಿದರು.

ಮೈಲಾರಪ್ಪನವರ ಪಾಠವೆಲ್ಲ ಮೂರೇ ಮಾತು. ಎಲ್ಲರೂ ಆಡಬೇಕು, ಖಾಲಿ ನಿಂತವಳಿಗೆ ಚೆಂಡು ಕೊಡಬೇಕು, ತಪ್ಪಿದವಳನ್ನು ಯಾರೂ ಬೈಯಬಾರದು.

ಪಂದ್ಯದ ಕೊನೆಯ ಎರಡು ನಿಮಿಷ ಉಳಿದಾಗ ರಾಯಾಪುರದ ಹುಡುಗಿಯರು ಒಂದು ಪಾಯಿಂಟ್ ಹಿಂದಿದ್ದರು. ಆಡದೆ ಉಳಿದವಳು ಪುಟ್ಟ ವಿದ್ಯಾ ಒಬ್ಬಳೇ. ವರ್ಷವಿಡೀ ಒಮ್ಮೆಯೂ ಚೆಂಡನ್ನು ಬಲೆಗೆ ಹಾಕಿದವಳಲ್ಲ. ಮಾಸ್ತರರು ಅವಳನ್ನೇ ಎಬ್ಬಿಸಿದರು.

“ತಲಿ ಕೆಟ್ಟೈತೇನ್ರಿ? ಗ್ರೌಂಡ್ ಹೋಗತೈತ್ರಿ!” ರಮಾಕಾಂತರು ಅವರ ಅಂಗಿ ಹಿಡಿದು ಜಗ್ಗಿದರು.

“ಆಕಿನೂ ದಿನಾ ಬಂದಾಳ್ರಿ,” ಎಂದರು ಮಾಸ್ತರರು. ಅಂಗಳ ಹೋದರೆ ಅವರಷ್ಟು ಅಳುವವರು ಇನ್ಯಾರಿದ್ದರು?

ವಿದ್ಯಾ ಎಸೆದ ಮೊದಲ ಚೆಂಡು ಬಲೆಯನ್ನು ಮುಟ್ಟಲೂ ಇಲ್ಲ.

“ಅಯ್ಯ ಶಿವನ!” ಗೌರಕ್ಕ ಹಣೆ ಬಡಿದುಕೊಂಡರು.

“ಇರ್ಲಿ ಬಿಡವಾ, ಇನ್ನೊಮ್ಮಿ ನೋಡು,” ಎಂದು ಮಾಸ್ತರರು ಮೆಲ್ಲಗೆ ಹೇಳಿದರು.

ಮತ್ತೆ ಚೆಂಡು ಸಿಕ್ಕಾಗ ವಿದ್ಯಾ ಎಸೆಯುವವಳಂತೆ ಕೈಯೆತ್ತಿದಳು. ಎದುರಾಳಿಗಳಿಬ್ಬರು ಅವಳ ಮೇಲೆಯೇ ಹಾರಿದರು. ಅವಳು ನೋಡಿದಳು, ತಂಡದ ಗೀತಾಂಜಲಿ ಖಾಲಿ ನಿಂತಿದ್ದಳು. ಚೆಂಡು ಅವಳಿಗೆ ಹೋಯಿತು, ಅಲ್ಲಿಂದ ಬಲೆಗೆ ಬಿತ್ತು. ಸೀಟಿ ಮೊಳಗಿತು. ಒಂದು ಪಾಯಿಂಟಿನಿಂದ ಗೆದ್ದಿದ್ದರು!

ಮಾಸ್ತರರು ಅಂಗಳದ ನಡುವೆ ಕೂತು ಮಗುವಿನಂತೆ ಅತ್ತರು. ಸಾವಕಾರರು ಓಡಿ ಬಂದು ಅವರನ್ನು ಎಬ್ಬಿಸಿ, ಗೆದ್ದ ಕಪ್ಪನ್ನು ಕೈಗಿತ್ತು ತಬ್ಬಿಕೊಂಡರು.

“ಗೆದ್ದಬಿಟ್ರೆಲ್ರೀ ಮಾಸ್ತರ! ನಾ ಮಾತ ಮುರ್ಯಾಂವ ಅಲ್ಲ. ಕ್ಲಾಸ್‌ರೂಮ್ ಕಟ್ಟಂಗಿಲ್ಲ. ಆದ್ರ ಇಂಥಾ ಕಪ್ ಕಪಾಟಿನ್ಯಾಗ ಇಟ್ರ ಚೆಂದ ಕಾಣತೈತೇನ್ರಿ? ಇದಕ್ಕಂತನ ಒಂದ ಹಾಲ್ ಕಟ್ಟಸ್ತೇನಿ. ಕಲ್ಲು ಹೆಂಗೂ ತಯಾರೈತಿ. ನಾಳೆ ಎಂಟಕ್ಕ ಗುದ್ದಲಿ ಪೂಜಿ!”

“ಎಲ್ಲಿ... ಎಲ್ಲಿ ಕಟ್ಟಸ್ತೀರಿ ಸಾವಕಾರ್ರ?”

“ಮತ್ತೆಲ್ರಿ? ಗೆದ್ದ ಜಾಗಾದಾಗ!”

ಎಲ್ಲರೂ ಚಪ್ಪಾಳೆ ತಟ್ಟಿದರು. ರಮಾಕಾಂತರು ಆಗಲೇ ಹಾಲಿನ ಉದ್ದ, ಅಗಲ ಅಳೆಯತೊಡಗಿದ್ದರು.

ಗದ್ದಲದಲ್ಲಿ ಏನೂ ಕೇಳಿಸಿರದ ವಿದ್ಯಾ ಬಂದು ಅವರ ತೋಳು ಹಿಡಿದಳು. “ಸರ್, ನಾನೂ ಬಲ್ಯಾಗ ಹಾಕೂದು ಕಲೀಬೇಕ್ರಿ. ನಾಳೆ ಎಷ್ಟಕ್ಕ ಬರ್ಲಿ?”

ಮಾಸ್ತರರು ಕಪ್ಪನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು.

“ಆರಕ್ಕ ಬಾರವಾ. ಎಂಟರ ತನಕಾ ನಮ್ಮದ ಐತಿ.”