ಕಳ್ಳ ಕುಬಸ ಉಂಡ ನೀರುಗುಳ್ಳೆಗೆ

ನನ್ನ ಬಲ ಅಂಡಾಶಯದಲ್ಲಿ ಬಿಡಾರ ಹೂಡಿರುವ ಮಾನ್ಯ ನೀರುಗುಳ್ಳೆಯವರಿಗೆ ಬಿಜ್ಜರಗಿಯ ಅಂಗನವಾಡಿ ಕಾರ್ಯಕರ್ತೆ ಸುಮಂಗಲಾಳ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಮಾತಿಗೆ, ತಮ್ಮ ದೆಸೆಯಿಂದ ಬಗ್ಗಲು ಆಗುತ್ತಿಲ್ಲ.

ಮಾನ್ಯರೇ, ಎರಡು ತಿಂಗಳು ಮುಟ್ಟು ನಿಂತು, ಹೊಟ್ಟೆ ಉಬ್ಬಿ, ಊಟ ಸೇರದಾದಾಗ, ನಾಲ್ಕು ವರ್ಷದಿಂದ ಮೊಮ್ಮಗುವಿಗೆ ಕಾದಿದ್ದ ನಮ್ಮತ್ತೆ ತಿಪ್ಪವ್ವ, ತಪಾಸಣೆ ಮಾಡಿಸೋಣವೆಂದ ನನ್ನ ಬಾಯಿಗೆ "ಸುಮ್ನಿರು, ದೃಷ್ಟಿ ಆಗತೈತಿ" ಎಂದು ಬೀಗ ಹಾಕಿದರು. ಊರ ಬಸುರಿಯರಿಗೆಲ್ಲ ತಪಾಸಣೆಯ ಪಾಠ ಹೇಳುವ ನಾನೂ ಆಸೆಗೆ ಬಿದ್ದು ಸುಮ್ಮನಾದೆ. ಬಸುರಿಗೆ ಗುಟ್ಟಾಗಿ ಹಸಿರು ಸೀರೆ ಉಡಿಸುವ ಕಳ್ಳ ಕುಬಸ ನಡೆಯಿತು. ಗುಟ್ಟೆಂದರೆ ನಮ್ಮೂರ ಗುಟ್ಟು: ಕರೆಯದಿದ್ದರೂ ತಿಕೋಟಾದ ಬಳೆಗಾರ್ತಿ ಮಾಸುಮಬಿ ಹಸಿರು ಬಳೆ ತಂದರು. ಐದು ಮನೆಯ ಮುತ್ತೈದೆಯರು ಬಂದರು, ಅವರಲ್ಲಿ ಹಿರಿಯರಾದ ಪರಸವ್ವ ಹೊಟ್ಟೆ ಸವರಿ "ಬಲಕ್ಕ ಕುಂತೈತಿ, ಗಂಡು ಐತಿ ನೋಡ್ರಿ" ಎಂದರು.

ಕುಬಸ ಮುಗಿದ ಮೇಲಷ್ಟೇ ಅತ್ತೆ ತಪಾಸಣೆಗೆ ಒಪ್ಪಿದರು. ಪಟ್ಟಣದ ಸೊಲ್ಲಾಪುರ ರಸ್ತೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಪರಸವ್ವನ ಮಾತು ಅರ್ಧ ನಿಜವಾಯಿತು: ತಾವು ಬಲಕ್ಕೇ ಕುಂತಿದ್ದಿರಿ, ಆರು ಸೆಂಟಿಮೀಟರ್. ಲೋಕದಲ್ಲಿ ಗುಳ್ಳೆಗಳೆಷ್ಟೋ ಇರಬಹುದು, ಆರತಿ ಎತ್ತಿಸಿಕೊಂಡು ಹೂರಣಗಡಬು ಉಂಡ ಗುಳ್ಳೆ ತಾವೊಬ್ಬರೇ. ನಾನು ಅಲ್ಲೇ ಅತ್ತುಬಿಟ್ಟೆ. ಕಣ್ಣೊರೆಸಲು ಹೋದರೆ ಬಳೆಗಳೆಲ್ಲ ಗಲಗಲ ಎಂದವು, ಆಮೇಲೆ ನಗು ತಡೆಯಲಾಗಲಿಲ್ಲ.

ಇಂಥ ನೀರುಗುಳ್ಳೆ ಬಹಳ ಸಲ ತಾನಾಗಿ ಕರಗುತ್ತದೆ, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ, ಹಠಾತ್ತನೆ ಹೊಟ್ಟೆ ಹಿಂಡಿ ವಾಂತಿಯಾದರೆ ಮಾತ್ರ ಅಂಡಾಶಯವೇ ತಿರುಚಿಕೊಂಡಿರಬಹುದು, ಗಳಿಗೆಯೂ ಕಾಯದೆ ಬಾ ಎಂದು ಡಾಕ್ಟರಮ್ಮ ಹೇಳಿದರು. ಕೂಸಿನ ಆಸೆ ಬಿಡಬೇಕಾಗಿಲ್ಲ ಎಂದೂ ಹೇಳಿದರು. ಆ ಒಂದು ಮಾತು ಹಿಡಿದುಕೊಂಡು ಬಸ್ಸು ಹತ್ತಿದೆ.

ಆದ್ದರಿಂದ ತಾವು ಉಂಡ ಮನೆಗೆ ಎರಡು ಬಗೆಯದೆ, ಹೊರಳದೆ, ತಿರುಚದೆ, ಮೆಲ್ಲಗೆ ಕರಗಿ ಹೋಗಬೇಕಾಗಿ ವಿನಂತಿ. ಹೋಗುವ ಮುನ್ನ ಆ ಐದೂ ಮನೆಯ ಬಾಗಿಲು ತಟ್ಟಿ "ನಾ ಕೂಸಲ್ಲರಿ" ಎಂದು ತಾವೇ ಹೇಳಿ ಹೋದರೆ ದೊಡ್ಡ ಉಪಕಾರ; ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ತಮ್ಮ ವಿಶ್ವಾಸಿ,
ಹೇಳದೆ ಕೇಳದೆ ತಾವು ಹೊಕ್ಕ ಮನೆಯ ಒಡತಿ,
ಸುಮಂಗಲಾ

ತಾ.ಕ.: ತಮಗೆ ಶ್ರಮ ಬೇಡ, ನಿನ್ನೆ ಅತ್ತೆಯೇ ಐದೂ ಮನೆಗೆ ಹೋಗಿ ಹೇಳಿ ಬಂದರು. ಕೇಳಿದ ಪರಸವ್ವ ಅತ್ತೆಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿ, "ನನ್ನ ಹೊಟ್ಟಿನೂ ವರ್ಷದಿಂದ ಹಿಂಗ ಉಬ್ಬೇತಿ, ಯಾರ ಮುಂದ ಹೇಳ್ಲಿ ಅಂತ ಸುಮ್ನಿದ್ದೆ" ಎಂದರಂತೆ. ಸೋಮವಾರ ಅವರನ್ನು ಕರೆದುಕೊಂಡು ಹೊರಟಿದ್ದೇವೆ. ಅವರ ಹೊಟ್ಟೆಯಲ್ಲಿ ತಮ್ಮ ನೆಂಟರು ಯಾರಾದರೂ ಇದ್ದರೆ ಮೊದಲೇ ತಿಳಿಸಿಬಿಡಿ: ಮೊಮ್ಮಕ್ಕಳನ್ನು ಕಂಡ ಪರಸವ್ವನಿಗೆ ಯಾರೂ ಹಸಿರು ಸೀರೆ ಉಡಿಸುವುದಿಲ್ಲ, ನೇರ ಸ್ಕ್ಯಾನಿಂಗೇ.